ಮೈಎಸ್‌ಕ್ಯೂಎಲ್ ತೆಗೆದ ಮೇಲೂ 3306 ಬಿಡುತ್ತಿಲ್ಲವೇ? ಅದು ಬಂದ ದಾರಿ ಹುಡುಕಿ

ಕಳೆದ ವರ್ಷ ಒಂದು ಶನಿವಾರ ಸಂಜೆ ಫೋನ್ ಬಂತು. ನಾನು ಆಗಾಗ ಸರ್ವರ್ ನೋಡಿಕೊಡುವ ಒಂದು ಸಣ್ಣ ಕಚೇರಿಯ ಹುಡುಗ. ದನಿಯಲ್ಲೇ ಗಾಬರಿ ಇತ್ತು. "ಮೇಡಂ, ಮೈಎಸ್‌ಕ್ಯೂಎಲ್ ತೆಗೆದುಹಾಕಿದೆ. ಮಷೀನ್ ರೀಸ್ಟಾರ್ಟ್ ಕೂಡ ಮಾಡಿದೆ. ಈಗ ನೋಡಿದ್ರೆ ಅದು ಇನ್ನೂ ಓಡ್ತಾನೇ ಇದೆ. ಆದ್ರೆ ಒಳಗೆ ನಮ್ಮ ಡೇಟಾಬೇಸ್ ಒಂದೂ ಇಲ್ಲ!"

ಮೈಎಸ್‌ಕ್ಯೂಎಲ್ ಅಂದರೆ ಡೇಟಾಬೇಸ್‌ಗಳನ್ನು ಇಟ್ಟು ನೋಡಿಕೊಳ್ಳುವ ಸರ್ವರ್ ಸಾಫ್ಟ್‌ವೇರ್. ತೆಗೆದರೆ ಆ ಸಾಫ್ಟ್‌ವೇರ್ ಹೋಗಿ ಡೇಟಾ ಉಳಿಯಬೇಕಿತ್ತು. ಅವನಿಗೆ ಕಂಡದ್ದು ಪೂರ್ತಿ ಉಲ್ಟಾ. ನಾನು ಹೇಳಿದ್ದು ಇಷ್ಟೇ: "ಏನನ್ನೂ ಮುಟ್ಟಬೇಡಪ್ಪ. ಫೈಲ್ ಅಳಿಸುವ ಆರ್‌ಎಂ ಅಂತೂ ಟೈಪೇ ಮಾಡಬೇಡ. ನಾನು ಲಾಗಿನ್ ಆಗ್ತೀನಿ."

ಹತ್ತು ನಿಮಿಷದಲ್ಲಿ ವಿಷಯ ಗೊತ್ತಾಯಿತು. ಅವನು ತೆಗೆದದ್ದು ನಿಜಕ್ಕೂ ಹೋಗಿತ್ತು. ಡೇಟಾ ಇದ್ದ ಜಾಗದಲ್ಲೇ ಇತ್ತು. ಈಗ ಉತ್ತರ ಕೊಡುತ್ತಿದ್ದದ್ದು ಬೇರೆಯೇ ಒಂದು ಮೈಎಸ್‌ಕ್ಯೂಎಲ್. ಹಿಂದೆ ಯಾರೋ ಟೆಸ್ಟ್ ಮಾಡಲು ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ಸಾಧನ) ಹಾಕಿ ಮರೆತು ಹೋಗಿದ್ದರು. ಇಷ್ಟು ದಿನ 3306 ಪೋರ್ಟ್ (ಮೈಎಸ್‌ಕ್ಯೂಎಲ್ ಕೇಳಿಸಿಕೊಳ್ಳುವ ಬಾಗಿಲಿನ ನಂಬರ್) ಸಿಗದೆ ಅದು ಸುಮ್ನೆ ಬಿದ್ದಿತ್ತು. ಪೋರ್ಟ್ ಖಾಲಿಯಾಗಿ ಮಷೀನ್ ರೀಸ್ಟಾರ್ಟ್ ಆದದ್ದೇ ತಡ, ಎದ್ದು ಕೂತಿತ್ತು.

ಒಂದೇ ಸರ್ವರ್ ಸಾಫ್ಟ್‌ವೇರ್ ಒಂದು ಮಷೀನಿಗೆ ಐದಾರು ದಾರಿಯಲ್ಲಿ ಬರಬಹುದು. ಯಾವ ದಾರಿಯಲ್ಲಿ ಬಂದಿದೆಯೋ ಅದೇ ದಾರಿಯಲ್ಲಿ ಕಳಿಸಬೇಕು. ಎಪಿಟಿಯಿಂದ (ಉಬುಂಟು, ಡೆಬಿಯನ್ ಲಿನಕ್ಸ್‌ನಲ್ಲಿ ಪ್ಯಾಕೇಜ್ ಹಾಕಿ ತೆಗೆಯುವ ಸಾಧನ) ಬಂದದ್ದನ್ನು ಆರ್‌ಎಂ ಹೊಡೆದು ಅಳಿಸಿದರೆ, ಪ್ಯಾಕೇಜ್ ಲೆಕ್ಕದಲ್ಲಿ ಅದು ಇನ್ನೂ ಇದೆ. ಕೈಯಾರೆ ಬಿಚ್ಚಿ ಹಾಕಿದ್ದನ್ನು ಎಪಿಟಿಯಲ್ಲಿ ತೆಗೆಯಲು ಹೋದರೆ, ಅದಕ್ಕೆ ಆ ವಿಷಯವೇ ಗೊತ್ತಿಲ್ಲ. ಅರ್ಧಂಬರ್ಧ ಕೆಲಸದ ಮೂಲ ಇದು.

ಇಲ್ಲಿ ಮೈಎಸ್‌ಕ್ಯೂಎಲ್ 8.0 ಅನ್ನೇ ಹಿಡಿದು ಬರೆದಿದ್ದೇನೆ. ಈಗ ಜಾಸ್ತಿ ಜನ ತೆಗೆಯಬೇಕಾಗಿರುವುದು ಇದನ್ನೇ. 2018ರ ಏಪ್ರಿಲ್‌ನಲ್ಲಿ ಬಂದ 8.0ಕ್ಕೆ ಅದರ ಒಡೆಯ ಕಂಪನಿ ಒರಾಕಲ್ ಬೆಂಬಲದ ಗಡುವು ಹಾಕಿದ್ದು 2026ರ ಏಪ್ರಿಲ್‌ಗೆ. ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹಾಕಿಕೊಳ್ಳಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಪೋರ್ಟ್ ಹಿಡಿದಿರುವುದು ಯಾರು?

ತೆಗೆಯುವ ಮೊದಲೂ ಇದನ್ನು ನೋಡಿ, ತೆಗೆದ ಮೇಲೂ ನೋಡಿ. ಲಿನಕ್ಸ್‌ನಲ್ಲಿ:

ಸುಡೋ ಎಸ್‌ಎಸ್ -ಎಲ್‌ಟಿಎನ್‌ಪಿ

ಕೇಳಿಸಿಕೊಳ್ಳುತ್ತಿರುವ ಪೋರ್ಟ್‌ಗಳೆಲ್ಲ ಪಟ್ಟಿಯಾಗಿ ಬರುತ್ತವೆ. 3306 ಇರುವ ಸಾಲಿನ ಕೊನೆಗೆ ಪ್ರೋಸೆಸ್‌ನ ಹೆಸರು, ಪಕ್ಕದಲ್ಲಿ ಪಿಐಡಿ, ಅಂದರೆ ಆ ಪ್ರೋಸೆಸ್‌ನ ಗುರುತಿನ ನಂಬರ್ ಇರುತ್ತದೆ. ಸುಡೋ (ಅಡ್ಮಿನ್ ಹಕ್ಕಿನಲ್ಲಿ ಓಡಿಸುವ ಪದ) ಬಿಟ್ಟರೆ ಹೆಸರೇ ಕಾಣುವುದಿಲ್ಲ, ಸಾಲು ಮಾತ್ರ ಕಾಣುತ್ತದೆ. ಎಷ್ಟೋ ಜನ ಇಲ್ಲೇ ತಪ್ಪುತ್ತಾರೆ. 33060 ಕೂಡ ಕಂಡರೆ ಹೆದರಬೇಡಿ. ಅದೂ ಮೈಎಸ್‌ಕ್ಯೂಎಲ್‌ದೇ, ಎಕ್ಸ್ ಪ್ರೋಟೋಕಾಲ್‌ಗೆ ಇಟ್ಟ ಪೋರ್ಟ್.

ಆ ಹೆಸರು "ಡಾಕರ್-ಪ್ರಾಕ್ಸಿ" ಅಂತಿದ್ದರೆ ಅಲ್ಲಿಗೆ ಉತ್ತರ ಸಿಕ್ಕಿತು. ನೇರ ಡಾಕರ್ ಭಾಗಕ್ಕೆ ಹೋಗಿ. "ಮೈಎಸ್‌ಕ್ಯೂಎಲ್‌ಡಿ" ಅಂತಿದ್ದರೆ ಇನ್ನೊಂದು ಹೆಜ್ಜೆ ಇಡಬೇಕು. ಆ ಪ್ರೋಗ್ರಾಂ ಡಿಸ್ಕಿನ ಯಾವ ಜಾಗದಿಂದ ಎದ್ದಿದೆ ಅಂತ ಕೇಳಿ:

ಸುಡೋ ರೀಡ್‌ಲಿಂಕ್ /ಪ್ರಾಕ್/ಪಿಐಡಿ ನಂಬರ್/ಇಎಕ್ಸ್‌ಇ

"/ಯುಎಸ್‌ಆರ್/ಎಸ್‌ಬಿನ್" ಒಳಗಿನ ದಾರಿ ಬಂದರೆ ಬಹುಪಾಲು ಪ್ಯಾಕೇಜಿನಿಂದ ಬಂದದ್ದು. "/ಯುಎಸ್‌ಆರ್/ಲೋಕಲ್" ಒಳಗಿದ್ದರೆ ಯಾರೋ ಕೈಯಾರೆ ಹಾಕಿದ್ದು. "/ಸ್ನ್ಯಾಪ್" ಅಂತ ಶುರುವಾದರೆ ಸ್ನ್ಯಾಪ್‌ನದ್ದು, ಅದು ಇನ್ನೊಂದು ಬಗೆಯ ಪ್ಯಾಕೇಜ್. ದಾರಿಯ ಕೊನೆಗೆ "ಡಿಲೀಟೆಡ್" ಅಂತ ಬಂದರೆ, ಫೈಲ್ ಡಿಸ್ಕಿನಿಂದ ಹೋಗಿದೆ, ಪ್ರೋಸೆಸ್ ಮಾತ್ರ ಮೆಮೊರಿಯಲ್ಲಿ ಇನ್ನೂ ಜೀವಂತ ಇದೆ. ನಿಲ್ಲಿಸದೆ ಅಳಿಸಿದವರ ಮಷೀನಿನಲ್ಲಿ ಇದು ಕಾಣುತ್ತದೆ. "ಡಿಸ್ಕ್ ಜಾಗ ಯಾಕೆ ವಾಪಸ್ ಬಂದಿಲ್ಲ?" ಅನ್ನುವ ಪ್ರಶ್ನೆಗೂ ಇದೇ ಉತ್ತರ. ಪ್ರೋಸೆಸ್ ಹಿಡಿದಿಟ್ಟುಕೊಂಡ ಫೈಲಿನ ಜಾಗವನ್ನು ಲಿನಕ್ಸ್ ಬಿಟ್ಟುಕೊಡುವುದಿಲ್ಲ. "ಸುಡೋ ಎಲ್‌ಎಸ್‌ಒಎಫ್ +ಎಲ್1" ಹಾಕಿದರೆ ಅಂಥ ಫೈಲ್‌ಗಳೆಲ್ಲ ಕಾಣುತ್ತವೆ. ಇಲ್ಲಿ ಎಲ್ ದೊಡ್ಡಕ್ಷರ.

ಇಲ್ಲೊಂದು ಮೋಸ ಇದೆ, ಗಮನ ಕೊಡಿ. ಕಂಟೇನರ್ ಒಳಗೆ ಓಡುವ ಮೈಎಸ್‌ಕ್ಯೂಎಲ್‌ಡಿಗೂ ಹೊರಗಿನಿಂದ ನೋಡಿದರೆ ದಾರಿ "/ಯುಎಸ್‌ಆರ್/ಎಸ್‌ಬಿನ್/ಮೈಎಸ್‌ಕ್ಯೂಎಲ್‌ಡಿ" ಅಂತಲೇ ಬರುತ್ತದೆ. ಆ ದಾರಿ ಕಂಟೇನರ್ ಒಳಗಿನದು. ಹಾಗಾಗಿ "ಪಿಎಸ್" ಪಟ್ಟಿಯಲ್ಲಿ ಮೈಎಸ್‌ಕ್ಯೂಎಲ್‌ಡಿ ಕಂಡ ತಕ್ಷಣ "ಎಪಿಟಿಯದ್ದೇ ಉಳಿದಿದೆ" ಅಂತ ತೀರ್ಮಾನ ಮಾಡಬೇಡಿ. "/ಪ್ರಾಕ್/ಪಿಐಡಿ ನಂಬರ್/ಸಿಗ್ರೂಪ್" ಫೈಲನ್ನು ಕ್ಯಾಟ್ ಮಾಡಿ. ಅದರಲ್ಲಿ ಡಾಕರ್ ಅನ್ನುವ ಹೆಸರಿದ್ದರೆ ಕಂಟೇನರ್‌ನದು. ಮೈಎಸ್‌ಕ್ಯೂಎಲ್ ಸರ್ವಿಸ್ ಹೆಸರಿದ್ದರೆ ಮಷೀನಿನದೇ.

ಸರ್ವರ್‌ನ ಒಳಗಿನಿಂದಲೂ ಕೇಳಬಹುದು. ಲಾಗಿನ್ ಆಗಿ "ಸೆಲೆಕ್ಟ್ @@ಹೋಸ್ಟ್‌ನೇಮ್, @@ಡೇಟಾಡಿರ್, @@ವರ್ಷನ್" ಹಾಕಿ. ಆ ಹುಡುಗ ತನ್ನ ಲ್ಯಾಪ್‌ಟಾಪಿನ ವರ್ಕ್‌ಬೆಂಚ್‌ನಿಂದ ಇದನ್ನು ಓಡಿಸಿ ಉತ್ತರ ಓದಿ ಹೇಳಿದ. ಹೋಸ್ಟ್‌ನೇಮ್ ಜಾಗದಲ್ಲಿ ಸರ್ವರ್‌ನ ಹೆಸರು ಬರಬೇಕಿತ್ತು. ಬಂದದ್ದು ಅಂಕಿ ಅಕ್ಷರ ಬೆರೆತ ಹನ್ನೆರಡು ಅಕ್ಷರದ ಒಂದು ಸಾಲು. "ಇದೇನು ಮೇಡಂ, ಪಾಸ್‌ವರ್ಡ್ ತರಹ ಇದೆ" ಅಂದ. ಅದು ಕಂಟೇನರ್‌ನ ಐಡಿ. ಬೇರೆ ಹೆಸರು ಕೊಡದಿದ್ದರೆ ಡಾಕರ್ ಅದನ್ನೇ ಹೋಸ್ಟ್‌ನೇಮ್ ಮಾಡಿಬಿಡುತ್ತದೆ. "ಶೋ ಡೇಟಾಬೇಸಸ್" ಹಾಕಿಸಿದೆ. ನಾಲ್ಕೇ ಹೆಸರು ಬಂದವು: ಇನ್ಫರ್ಮೇಷನ್ ಸ್ಕೀಮಾ, ಮೈಎಸ್‌ಕ್ಯೂಎಲ್, ಪರ್ಫಾರ್ಮೆನ್ಸ್ ಸ್ಕೀಮಾ, ಸಿಸ್. ಹೊಸದಾಗಿ ಹುಟ್ಟಿದ ಯಾವ 8.0 ಸರ್ವರ್‌ನಲ್ಲೂ ಇರುವ ನಾಲ್ಕು ಅವು. ಡೇಟಾ ಕಳೆದುಹೋದ ಸರ್ವರ್ ಹೀಗಿರುವುದಿಲ್ಲ. ಇದು ಡೇಟಾವನ್ನೇ ಕಾಣದ ಸರ್ವರ್.

ಇನ್ನೊಂದು ಸಣ್ಣ ಪರೀಕ್ಷೆ. ಮೈಎಸ್‌ಕ್ಯೂಎಲ್ ಕ್ಲೈಂಟ್‌ಗೆ ಲಿನಕ್ಸ್‌ನಲ್ಲಿ "ಲೋಕಲ್‌ಹೋಸ್ಟ್" ಅಂದರೆ ಸಾಕೆಟ್ ಫೈಲ್, "127.0.0.1" ಅಂದರೆ ಪೋರ್ಟ್. ಎರಡೂ ಒಂದೇ ಅಂದುಕೊಂಡಿರುತ್ತೇವೆ ಅಲ್ವಾ? ಒಂದೇ ಮಷೀನಿನಲ್ಲಿ ಎರಡು ಸರ್ವರ್ ಇದ್ದರೆ ಎರಡು ಹೆಸರು ಎರಡು ಕಡೆ ಕರೆದುಕೊಂಡು ಹೋಗುತ್ತವೆ. ಲೋಕಲ್‌ಹೋಸ್ಟ್‌ಗೆ 2002 ನಂಬರಿನ ದೋಷ ಬಂದು, 127.0.0.1 ಮಾತ್ರ ಉತ್ತರ ಕೊಟ್ಟರೆ, ಪ್ಯಾಕೇಜಿನ ಸರ್ವರ್ ನಿಂತಿದೆ, ಬೇರೆ ಯಾವುದೋ ಪೋರ್ಟ್ ಹಿಡಿದಿದೆ ಅಂತ ಅನುಮಾನಪಡಿ.

ಮುಟ್ಟುವ ಮೊದಲು ಡಂಪ್

ಡೇಟಾ ಫೋಲ್ಡರ್ ಕಾಪಿ ಮಾಡಿಟ್ಟರೆ ಸಾಕು ಅನ್ನುವವರು ಇದ್ದಾರೆ. ಸರ್ವರ್ ನಿಲ್ಲಿಸಿ ಕಾಪಿ ಮಾಡಿದ್ದರೆ, ಮುಂದೆಯೂ ಅದೇ ಮೈಎಸ್‌ಕ್ಯೂಎಲ್ ಹಾಕುವುದಾದರೆ, ಅದು ಸರಿ. ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಮರಿಯಾಡಿಬಿಗೆ ಹೋಗುವುದಾದರೆ ಸಾಲದು. 8.0ರ ಡೇಟಾ ಫೋಲ್ಡರ್ ಮರಿಯಾಡಿಬಿಗೆ ಅರ್ಥವಾಗುವುದಿಲ್ಲ. ಹಾಗಾಗಿ ಡಂಪ್, ಅಂದರೆ ಡೇಟಾಬೇಸನ್ನು ಮತ್ತೆ ಕಟ್ಟುವ ಕಮಾಂಡ್‌ಗಳ ಟೆಕ್ಸ್ಟ್ ಫೈಲ್, ಬೇಕೇ ಬೇಕು.

ಮೈಎಸ್‌ಕ್ಯೂಎಲ್‌ಡಂಪ್‌ಗೆ ನಿಮ್ಮ ಡೇಟಾಬೇಸ್‌ಗಳ ಹೆಸರನ್ನೇ "--ಡೇಟಾಬೇಸಸ್" ಆದ ಮೇಲೆ ಕೊಡಿ. ಜೊತೆಗೆ "--ಸಿಂಗಲ್-ಟ್ರಾನ್ಸಾಕ್ಷನ್", "--ರೂಟೀನ್ಸ್", "--ಈವೆಂಟ್ಸ್" ಸೇರಿಸಿ. ಕೊನೆಯ ಎರಡನ್ನು ಬಿಟ್ಟರೆ ಸ್ಟೋರ್ಡ್ ಪ್ರೊಸೀಜರ್‌ಗಳೂ ಈವೆಂಟ್‌ಗಳೂ ಡಂಪಿನಲ್ಲಿ ಬರುವುದಿಲ್ಲ. ತಿಂಗಳ ಕೊನೆಯ ರಿಪೋರ್ಟ್ ತೆಗೆಯುವಾಗ ಅದು ಗೊತ್ತಾದರೆ ಎಷ್ಟು ಕಷ್ಟ ಹೇಳಿ. ಯೂಸರ್‌ಗಳ ಹಕ್ಕುಗಳನ್ನು "ಶೋ ಗ್ರಾಂಟ್ಸ್" ಹಾಕಿ ಬೇರೆ ಫೈಲಿನಲ್ಲಿ ಬರೆದಿಟ್ಟುಕೊಳ್ಳಿ.

ಡಂಪ್ ಆದ ಮೇಲೆ ಫೈಲಿನ ಕೊನೆಯ ಸಾಲನ್ನು "ಟೇಲ್" ಹಾಕಿ ನೋಡಿ. "ಡಂಪ್ ಕಂಪ್ಲೀಟೆಡ್ ಆನ್" ಅಂತ ತಾರೀಖಿನ ಜೊತೆ ಇರಬೇಕು. ಆ ಸಾಲು ಇಲ್ಲದಿದ್ದರೆ ಮಧ್ಯದಲ್ಲಿ ನಿಂತಿದೆ. ಫೈಲ್ ಎಷ್ಟೇ ದೊಡ್ಡದಿರಲಿ, ಅದನ್ನು ನಂಬಿ ಮುಂದೆ ಹೋಗಬೇಡಿ.

ಉಬುಂಟು ಮತ್ತು ಡೆಬಿಯನ್

ಜಾಸ್ತಿ ಗೊಂದಲ ಇಲ್ಲೇ. ಕಾರಣ ಹೆಸರು. "ಮೈಎಸ್‌ಕ್ಯೂಎಲ್-ಸರ್ವರ್" ಅನ್ನುವುದು ಉಬುಂಟುವಿನಲ್ಲಿ ಬರೀ ಹೆಸರಿನ ಪ್ಯಾಕೇಜ್. ಅದರ ಒಳಗೆ ಸರ್ವರ್ ಇಲ್ಲ. ನಿಜವಾದ ಸರ್ವರ್ "ಮೈಎಸ್‌ಕ್ಯೂಎಲ್-ಸರ್ವರ್-8.0" ಮತ್ತು "ಮೈಎಸ್‌ಕ್ಯೂಎಲ್-ಸರ್ವರ್-ಕೋರ್-8.0" ಅನ್ನುವ ಪ್ಯಾಕೇಜ್‌ಗಳಲ್ಲಿದೆ. "ಎಪಿಟಿ ರಿಮೂವ್ ಮೈಎಸ್‌ಕ್ಯೂಎಲ್-ಸರ್ವರ್" ಅಂದರೆ ಹೋಗುವುದು ಆ ಹೆಸರು ಮಾತ್ರ. ಸರ್ವರ್ ಓಡುತ್ತಲೇ ಇರುತ್ತದೆ. ಎಪಿಟಿ ಮಾತ್ರ ಶಿಸ್ತಾಗಿ ಹೇಳುತ್ತದೆ: ಈ ಪ್ಯಾಕೇಜ್‌ಗಳು ಇನ್ನು ಬೇಕಿಲ್ಲ, ಆಟೋರಿಮೂವ್ ಹಾಕಿ ಅಂತ. ಆ ಸಾಲನ್ನು ಯಾರೂ ಓದುವುದಿಲ್ಲ. ಹಾಗಾದಾಗ ಮುಂದೆ ಯಾವತ್ತೋ ಒಂದು ದಿನ ಇನ್ನೊಬ್ಬರು ಬೇರೆ ಕಾರಣಕ್ಕೆ ಆಟೋರಿಮೂವ್ ಹಾಕುತ್ತಾರೆ, ಓಡುತ್ತಿದ್ದ ಸರ್ವರ್ ಆಗ ಮಾಯವಾಗುತ್ತದೆ.

ಡೆಬಿಯನ್‌ನಲ್ಲಿ ಇನ್ನೊಂದು ತಿರುವು. 2017ರ ಡೆಬಿಯನ್ 9ರಿಂದ ಅಲ್ಲಿ ಮೈಎಸ್‌ಕ್ಯೂಎಲ್ ಬದಲಿಗೆ ಕೊಡುವುದು ಮರಿಯಾಡಿಬಿ. "ಡಿಫಾಲ್ಟ್-ಮೈಎಸ್‌ಕ್ಯೂಎಲ್-ಸರ್ವರ್" ಹಾಕಿದರೂ ಬರುವುದು ಅದೇ. ತೆಗೆಯುವಾಗ ಮೈಎಸ್‌ಕ್ಯೂಎಲ್ ಅಂತ ಹುಡುಕಿ ಸಿಗಲಿಲ್ಲವೆಂದರೆ ಮರಿಯಾಡಿಬಿ ಅಂತ ಹುಡುಕಿ.

ಮೊದಲು ಲೆಕ್ಕ ನೋಡಿ. "ಡಿಪಿಕೆಜಿ -ಎಲ್" ಹಾಕಿ, ಗ್ರೆಪ್‌ನಲ್ಲಿ ಮೈಎಸ್‌ಕ್ಯೂಎಲ್ ಹುಡುಕಿ. ಪ್ರತಿ ಸಾಲಿನ ಶುರುವಿಗೆ ಎರಡಕ್ಷರ ಇರುತ್ತದೆ. "ಐಐ" ಇದ್ದರೆ ಪ್ಯಾಕೇಜ್ ಇದೆ. "ಆರ್‌ಸಿ" ಇದ್ದರೆ ಪ್ರೋಗ್ರಾಂ ಹೋಗಿದೆ, ಕಾನ್ಫಿಗ್ ಫೈಲ್‌ಗಳು ಉಳಿದಿವೆ. ಪಟ್ಟಿಯಲ್ಲಿ ಹೆಸರು ಕಂಡಿತು ಅಂದ ಮಾತ್ರಕ್ಕೆ ಸಾಫ್ಟ್‌ವೇರ್ ಇದೆ ಅಂತ ಅಲ್ಲ, ಆ ಎರಡಕ್ಷರ ಓದಿ.

ನಂತರ ಹೀಗೆ ಹೋಗಿ. "ಸುಡೋ ಸಿಸ್ಟಮ್‌ಸಿಟಿಎಲ್ ಸ್ಟಾಪ್ ಮೈಎಸ್‌ಕ್ಯೂಎಲ್" ಹಾಕಿ ಸರ್ವರ್ ನಿಲ್ಲಿಸಿ. "/ವಾರ್/ಲಿಬ್/ಮೈಎಸ್‌ಕ್ಯೂಎಲ್" ಫೋಲ್ಡರನ್ನು (ವಾರ್ ಅಂದರೆ ವಿ, ಎ, ಆರ್) ಎಂವಿ ಹಾಕಿ ಬೇರೆ ಹೆಸರಿಗೆ ಸರಿಸಿ, ಹೆಸರಿನಲ್ಲಿ ತಾರೀಖು ಇರಲಿ. ಡೇಟಾಬೇಸ್ ಎನ್‌ಕ್ರಿಪ್ಟ್ ಮಾಡಿದ್ದರೆ ಪಕ್ಕದ "ಮೈಎಸ್‌ಕ್ಯೂಎಲ್-ಕೀರಿಂಗ್" ಫೋಲ್ಡರನ್ನೂ ಸರಿಸಲೇಬೇಕು. ಕೀ ಇಲ್ಲದ ಡೇಟಾ ಯಾರಿಗೂ ಉಪಯೋಗವಿಲ್ಲ. ಇದಾದ ಮೇಲೆ ಪರ್ಜ್. ರಿಮೂವ್ ಕಾನ್ಫಿಗ್ ಉಳಿಸುತ್ತದೆ, ಪರ್ಜ್ ಅದನ್ನೂ ತೆಗೆಯುತ್ತದೆ. ನಡುವೆ ಒಂದು ನೀಲಿ ಪರದೆ ಬಂದು "ಡೇಟಾಬೇಸ್‌ಗಳನ್ನೂ ಅಳಿಸಲೇ?" ಅಂತ ಕೇಳಬಹುದು. ಫೋಲ್ಡರ್ ಸರಿಸಿಟ್ಟಿದ್ದರೂ ನಾನು "ನೋ" ಅಂತಲೇ ಒತ್ತುತ್ತೇನೆ.

ಪರ್ಜ್ ಮಾಡುವಾಗ ನಕ್ಷತ್ರ ಚಿಹ್ನೆ ಹಾಕಿ ಎಲ್ಲ ಮೈಎಸ್‌ಕ್ಯೂಎಲ್ ಹೆಸರನ್ನೂ ಒಟ್ಟಿಗೆ ಬಾಚುವ ಅಭ್ಯಾಸ ಹಲವರಿಗಿದೆ. "ಮೈಎಸ್‌ಕ್ಯೂಎಲ್-ಕಾಮನ್" ಅನ್ನುವ ಪ್ಯಾಕೇಜ್ ಮೇಲೆ ಲಿಬ್‌ಮೈಎಸ್‌ಕ್ಯೂಎಲ್‌ಕ್ಲೈಂಟ್ ನಿಂತಿದೆ. ಅದರ ಮೇಲೆ ಪೋಸ್ಟ್‌ಫಿಕ್ಸ್‌ನ ಮೈಎಸ್‌ಕ್ಯೂಎಲ್ ಭಾಗದಂಥವು ನಿಂತಿರುತ್ತವೆ. ಒಂದನ್ನು ಎಳೆದರೆ ಎಲ್ಲವೂ ಬರುತ್ತವೆ. ಕಮಾಂಡಿಗೆ "-ಎಸ್" ಸೇರಿಸಿ ಮೊದಲು ಒಣ ಪರೀಕ್ಷೆ ಮಾಡಿ. ಏನೇನು ಹೋಗುತ್ತದೆ ಅಂತ ಪಟ್ಟಿ ಬರುತ್ತದೆ, ನಿಜವಾಗಿ ಏನೂ ಹೋಗುವುದಿಲ್ಲ. ಪಟ್ಟಿ ಓದಿ, ಆಮೇಲೆ "-ಎಸ್" ತೆಗೆದು ಹಾಕಿ.

ಒರಾಕಲ್‌ನ ರೆಪೊಸಿಟರಿ (ಪ್ಯಾಕೇಜ್ ಸಂಗ್ರಹ) ಸೇರಿಸಿ ಹಾಕಿದ್ದರೆ "ಮೈಎಸ್‌ಕ್ಯೂಎಲ್-ಎಪಿಟಿ-ಕಾನ್ಫಿಗ್" ಅನ್ನುವ ಪ್ಯಾಕೇಜೂ ಇರುತ್ತದೆ. ಅದನ್ನು ಮರೆತರೆ, ಅದರ ಕೀ ಅವಧಿ ಮುಗಿದ ದಿನ "ಎಪಿಟಿ ಅಪ್‌ಡೇಟ್" ದೂರು ಹೇಳಲು ಶುರು ಮಾಡುತ್ತದೆ. ಮೈಎಸ್‌ಕ್ಯೂಎಲ್ ಇಲ್ಲದ ಮಷೀನ್ ಮೈಎಸ್‌ಕ್ಯೂಎಲ್ ಬಗ್ಗೆ ಯಾಕೆ ಗೊಣಗುತ್ತಿದೆ ಅಂತ ಆಗ ಯಾರಿಗೂ ಹೊಳೆಯುವುದಿಲ್ಲ.

ರೆಡ್ ಹ್ಯಾಟ್ ಕಡೆಯವರಿಗೆ

ಆರ್‌ಪಿಎಂ (ರೆಡ್ ಹ್ಯಾಟ್ ಬಗೆಯ ಲಿನಕ್ಸ್‌ನ ಪ್ಯಾಕೇಜ್) ಜಗತ್ತಿನಲ್ಲಿ ಪರ್ಜ್ ಅನ್ನುವುದೇ ಇಲ್ಲ. "ಡಿಎನ್‌ಎಫ್ ರಿಮೂವ್" ಮಾಡಿದರೆ ಪ್ರೋಗ್ರಾಂ ಹೋಗುತ್ತದೆ. ನೀವು ತಿದ್ದಿದ ಕಾನ್ಫಿಗ್ ಫೈಲ್ "ಆರ್‌ಪಿಎಂಸೇವ್" ಅನ್ನುವ ಬಾಲದ ಜೊತೆ ಉಳಿಯುತ್ತದೆ. ಡೇಟಾ ಫೋಲ್ಡರ್ ಹಾಗೇ ಇರುತ್ತದೆ.

ಇದರಿಂದ ಹುಟ್ಟುವ ಒಂದು ದೋಷವನ್ನು ನಾನು ಪದೇ ಪದೇ ನೋಡಿದ್ದೇನೆ. ತೆಗೆದು ಮತ್ತೆ ಹಾಕುತ್ತಾರೆ. ಒರಾಕಲ್‌ನ ಪ್ಯಾಕೇಜ್ ಹೊಸದಾಗಿ ಹಾಕಿದ ಮೇಲೆ ರೂಟ್‌ಗೆ (ಮೈಎಸ್‌ಕ್ಯೂಎಲ್‌ನ ಮುಖ್ಯ ಯೂಸರ್) ತಾತ್ಕಾಲಿಕ ಪಾಸ್‌ವರ್ಡ್ "/ವಾರ್/ಲಾಗ್/ಮೈಎಸ್‌ಕ್ಯೂಎಲ್‌ಡಿ.ಲಾಗ್" ಫೈಲಿನಲ್ಲಿ ಬರಬೇಕು. ಹುಡುಕಿದರೆ ಒಂದು ಪಾಸ್‌ವರ್ಡ್ ಸಿಗುತ್ತದೆ. ಹಾಕಿದರೆ ಕೆಲಸ ಮಾಡುವುದಿಲ್ಲ! ಆ ಸಾಲಿನ ತಾರೀಖು ನೋಡಿ. ಮೊದಲ ಸಲ ಹಾಕಿದಾಗಿನದು. ಡೇಟಾ ಫೋಲ್ಡರ್ ಖಾಲಿ ಇದ್ದರೆ ಮಾತ್ರ ಸರ್ವರ್ ಹೊಸ ಪಾಸ್‌ವರ್ಡ್ ಹುಟ್ಟಿಸುತ್ತದೆ. ಹಳೇ ಫೋಲ್ಡರ್ ಸಿಕ್ಕಿದರೆ ಅದನ್ನೇ ಎತ್ತಿಕೊಳ್ಳುತ್ತದೆ, ಹಳೇ ಪಾಸ್‌ವರ್ಡ್ ಸಮೇತ. ಹೊಸದು ಬೇಕಿದ್ದರೆ ಸರ್ವರ್ ನಿಲ್ಲಿಸಿ, ಫೋಲ್ಡರ್ ಸರಿಸಿ, ಮತ್ತೆ ಶುರು ಮಾಡಿ.

ಡಾಕರ್

ಆ ಶನಿವಾರದ ಕಂಟೇನರ್‌ಗೆ ಬರೋಣ. "ಡಾಕರ್ ಪಿಎಸ್" ಹಾಕಿದಾಗ ಅದರ ಸಾಲಿನಲ್ಲಿ "0.0.0.0:3306" ಅಂತ ಇತ್ತು. ಅಂದರೆ ಹೊರಗಿನ ಮಷೀನ್‌ಗಳಿಗೂ ಬಾಗಿಲು ತೆರೆದಿತ್ತು. ಡಾಕರ್ ತೆರೆಯುವ ಪೋರ್ಟ್‌ಗೆ ಯುಎಫ್‌ಡಬ್ಲ್ಯೂ ಫೈರ್‌ವಾಲ್‌ನ ಬೇಲಿ ಅಡ್ಡ ಬರುವುದಿಲ್ಲ, ಇದು ನೆನಪಿರಲಿ. ಹುಡುಗನಿಗೆ ಲ್ಯಾಪ್‌ಟಾಪಿನಿಂದ ರೂಟ್ ಆಗಿ ಒಳಗೆ ಹೋಗಲು ಸಾಧ್ಯವಾದದ್ದೂ ಹಾಗೆಯೇ. ಕಂಟೇನರ್ ಹಾಕಿದವರು ಕಚೇರಿಯ ಅದೇ ಪಾಸ್‌ವರ್ಡ್ ಕೊಟ್ಟಿದ್ದರು.

ರೀಸ್ಟಾರ್ಟ್ ಪಾಲಿಸಿ "ಆಲ್ವೇಸ್" ಅಂತಿತ್ತು. ಅಂಥ ಕಂಟೇನರನ್ನು ಕೈಯಾರೆ ನಿಲ್ಲಿಸಿದ್ದರೂ, ಡಾಕರ್ ಮತ್ತೆ ಶುರುವಾದಾಗ ತಾನೂ ಏಳುತ್ತದೆ. "ನಿಲ್ಲಿಸಿದೆ, ಮಾರನೇ ದಿನ ಮತ್ತೆ ಬಂತು" ಅನ್ನುವವರು ಮೊದಲು ಇದನ್ನು ನೋಡಿ. "ಡಾಕರ್ ಅಪ್‌ಡೇಟ್ --ರೀಸ್ಟಾರ್ಟ್=ನೋ" ಹಾಕಿ ಕಂಟೇನರ್ ಹೆಸರು ಕೊಟ್ಟರೆ ಆ ಅಭ್ಯಾಸ ತಪ್ಪುತ್ತದೆ.

ತೆಗೆಯುವ ಮೊದಲು "ಡಾಕರ್ ಇನ್‌ಸ್ಪೆಕ್ಟ್" ಹಾಕಿ, "ಮೌಂಟ್ಸ್" ಅನ್ನುವ ಭಾಗ ಓದಿ. ಡೇಟಾ ನಿಜವಾಗಿ ಎಲ್ಲಿದೆ ಅಂತ ಅಲ್ಲಿದೆ. ಮೈಎಸ್‌ಕ್ಯೂಎಲ್‌ನ ಅಧಿಕೃತ ಇಮೇಜ್ ತನ್ನ ಡೇಟಾ ಫೋಲ್ಡರನ್ನು ವಾಲ್ಯೂಮ್ (ಕಂಟೇನರ್ ಹೋದರೂ ಉಳಿಯುವ ಡೇಟಾ ಜಾಗ) ಅಂತ ಘೋಷಿಸಿಕೊಂಡಿದೆ. ನೀವು ಹೆಸರು ಕೊಡದಿದ್ದರೂ ಒಂದು ವಾಲ್ಯೂಮ್ ಹುಟ್ಟುತ್ತದೆ, 64 ಅಕ್ಷರದ ಉದ್ದ ಹೆಸರಿನ ಜೊತೆ. "ಡಾಕರ್ ಆರ್‌ಎಂ" ಹಾಕಿದರೆ ಕಂಟೇನರ್ ಹೋಗುತ್ತದೆ, ಆ ವಾಲ್ಯೂಮ್ ಅನಾಥವಾಗಿ ಡಿಸ್ಕಿನಲ್ಲಿ ಉಳಿಯುತ್ತದೆ. ಡಿಸ್ಕ್ ತುಂಬುತ್ತಾ ಹೋಗುವುದು ಹೀಗೆ. ಅದರೊಳಗಿನ ಡೇಟಾ ಬೇಡವೆಂದು ಖಾತ್ರಿಯಾದರೆ "ಡಾಕರ್ ಆರ್‌ಎಂ -ವಿ" ಹಾಕಿ.

ಹಲವು ಕಂಟೇನರ್‌ಗಳನ್ನು ಒಂದೇ ಫೈಲಿನಿಂದ ಎಬ್ಬಿಸುವ ಕಂಪೋಸ್‌ನಲ್ಲಿ ಹಾಕಿದ್ದರೆ "ಡಾಕರ್ ಕಂಪೋಸ್ ಡೌನ್" ಹೆಸರಿಟ್ಟ ವಾಲ್ಯೂಮ್‌ಗಳನ್ನು ಮುಟ್ಟುವುದಿಲ್ಲ. "ಡೌನ್ -ವಿ" ಮುಟ್ಟುತ್ತದೆ, ಕೇಳದೆಯೇ ಅಳಿಸುತ್ತದೆ. ಒಂದಕ್ಷರದ ವ್ಯತ್ಯಾಸ. ಎರಡನೆಯದನ್ನು ಟೈಪ್ ಮಾಡಿದ ಮೇಲೆ ಎಂಟರ್ ಒತ್ತುವ ಮೊದಲು ಒಮ್ಮೆ ಕೈ ತೆಗೆಯಿರಿ. ಡಂಪ್ ಫೈಲಿನ ಕೊನೆಯ ಸಾಲು ನೋಡಿದ್ದೀರಾ ಅಂತ ನೆನಪು ಮಾಡಿಕೊಳ್ಳಿ.

"ಡಾಕರ್ ವಾಲ್ಯೂಮ್ ಪ್ರೂನ್" ಬಗ್ಗೆ ಒಂದು ಮಾತು. ಡಾಕರ್ 23ರಿಂದ ಅದು ಹೆಸರಿಲ್ಲದ ವಾಲ್ಯೂಮ್‌ಗಳನ್ನಷ್ಟೇ ತೆಗೆಯುತ್ತದೆ. ಹೆಸರಿಟ್ಟವೂ ಹೋಗಬೇಕಾದರೆ "--ಆಲ್" ಬೇಕು. ಹಳೆಯ ಡಾಕರ್ ಯಾವ ಕಂಟೇನರೂ ಬಳಸದ ವಾಲ್ಯೂಮ್‌ಗಳನ್ನೆಲ್ಲ ಒಟ್ಟಿಗೆ ಬಾಚಿಬಿಡುತ್ತಿತ್ತು. ನಿಮ್ಮ ಮಷೀನಿನಲ್ಲಿರುವ ಆವೃತ್ತಿ ಯಾವುದು ಅಂತ ನೋಡಿಯೇ ಬಳಸಿ.

ಆರ್‌ಪಿಎಂನ ಪಾಸ್‌ವರ್ಡ್ ಕಥೆ ಇಲ್ಲೂ ಇದೆ. ಹೊಸ ಕಂಟೇನರ್‌ಗೆ ಹೊಸ ರೂಟ್ ಪಾಸ್‌ವರ್ಡ್ ಕೊಡುತ್ತೀರಿ, ಹಳೆಯದೇ ನಡೆಯುತ್ತದೆ. ಹಳೇ ವಾಲ್ಯೂಮ್ ಅಂಟಿಕೊಂಡಿದೆ ಅಂತ ಅರ್ಥ.

ಕೈಯಾರೆ ಬಿಚ್ಚಿ ಹಾಕಿದ್ದು

ಟಾರ್ ಫೈಲ್ ತಂದು ಬಿಚ್ಚಿ ಹಾಕಿದ್ದಕ್ಕೆ ಯಾವ ಲೆಕ್ಕಪುಸ್ತಕವೂ ಇಲ್ಲ. ಸಾಮಾನ್ಯವಾಗಿ "/ಯುಎಸ್‌ಆರ್/ಲೋಕಲ್/ಮೈಎಸ್‌ಕ್ಯೂಎಲ್" ಅನ್ನುವುದು ಒಂದು ಕೊಂಡಿ ಮಾತ್ರ. ನಿಜವಾದ ಫೋಲ್ಡರ್ ಪಕ್ಕದಲ್ಲಿ ಆವೃತ್ತಿ ನಂಬರಿನ ಉದ್ದ ಹೆಸರಿನಲ್ಲಿ ಇರುತ್ತದೆ. ಕೊಂಡಿಯನ್ನು ಅಳಿಸಿ "ತೆಗೆದಾಯ್ತು" ಅಂದುಕೊಂಡರೆ ಡಿಸ್ಕಿನಲ್ಲಿ ಒಂದು ಚೂರೂ ಜಾಗ ಬರುವುದಿಲ್ಲ. "ಎಲ್‌ಎಸ್ -ಎಲ್" ಹಾಕಿದರೆ ಬಾಣದ ಗುರುತಿನ ಮುಂದೆ ನಿಜವಾದ ಹೆಸರು ಕಾಣುತ್ತದೆ. ಅಳಿಸುವ ಮೊದಲು ಒಳಗಿನ "ಡೇಟಾ" ಫೋಲ್ಡರನ್ನು ಹೊರಗೆ ತನ್ನಿ. ಇಲ್ಲಿ ಪ್ರೋಗ್ರಾಂ ಮತ್ತು ಡೇಟಾ ಒಂದೇ ಮನೆಯಲ್ಲಿವೆ. ಎಪಿಟಿಯ ಅಭ್ಯಾಸದಲ್ಲಿ ಕೈ ಹಾಕಿದರೆ ಎರಡೂ ಒಟ್ಟಿಗೆ ಹೋಗುತ್ತವೆ.

ಶುರು ಮಾಡುವ ಸ್ಕ್ರಿಪ್ಟನ್ನೂ ಹುಡುಕಿ. "/ಇಟಿಸಿ/ಇನಿಟ್.ಡಿ" ಒಳಗೆ "ಮೈಎಸ್‌ಕ್ಯೂಎಲ್.ಸರ್ವರ್" ಅಂತಲೋ, "/ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್" ಒಳಗೆ ಯಾರೋ ಬರೆದ ಸರ್ವಿಸ್ ಫೈಲ್ ಅಂತಲೋ ಇರುತ್ತದೆ. ಸರ್ವಿಸ್ ಫೈಲ್ ಆದರೆ ಮೊದಲು ಡಿಸೇಬಲ್, ಆಮೇಲೆ ಅಳಿಸುವುದು, ಆಮೇಲೆ "ಡೀಮನ್-ರೀಲೋಡ್" ಮತ್ತು "ರೀಸೆಟ್-ಫೇಲ್ಡ್". ಕೊನೆಯದನ್ನು ಬಿಟ್ಟರೆ ಇಲ್ಲದ ಸರ್ವಿಸ್ ಹೆಸರು ಕೆಂಪಕ್ಷರದಲ್ಲಿ ಕಾಣುತ್ತಲೇ ಇರಬಹುದು. "/ಇಟಿಸಿ/ಮೈ.ಸಿಎನ್‌ಎಫ್" ಉಳಿದಿದ್ದರೆ ಮುಂದೆ ಹಾಕುವ ಸರ್ವರ್ ಅದನ್ನೂ ಓದುತ್ತದೆ, ಇಲ್ಲದ ಫೋಲ್ಡರ್ ಹುಡುಕಿ ಬಿದ್ದುಹೋಗುತ್ತದೆ.

ಸೋರ್ಸ್‌ನಿಂದ ಕಟ್ಟಿದ್ದಾದರೆ, ಕಟ್ಟುವ ಸಾಧನ ಸೀಮೇಕ್ ತಾನಾಗಿ "ಮೇಕ್ ಅನ್‌ಇನ್‌ಸ್ಟಾಲ್" ಕೊಡುವುದಿಲ್ಲ. ಆದರೆ ಕಟ್ಟಿದ ಫೋಲ್ಡರಿನಲ್ಲಿ "ಇನ್‌ಸ್ಟಾಲ್_ಮ್ಯಾನಿಫೆಸ್ಟ್" ಅನ್ನುವ ಟೆಕ್ಸ್ಟ್ ಫೈಲ್ ಬಿಟ್ಟಿರುತ್ತದೆ. ಎಲ್ಲಿ ಯಾವ ಫೈಲ್ ಇಟ್ಟೆ ಅಂತ ಪೂರ್ತಿ ಪಟ್ಟಿ. ಆ ಫೋಲ್ಡರನ್ನು ಎಸೆಯದೆ ಇಟ್ಟುಕೊಂಡಿದ್ದವರಿಗೆ ಕೆಲಸ ಸುಲಭ.

ವಿಂಡೋಸ್

ಪೋರ್ಟ್ ನೋಡಲು "ನೆಟ್‌ಸ್ಟ್ಯಾಟ್ -ಎಎನ್‌ಒ". ಕೊನೆಯ ಅಂಕಣದ ನಂಬರನ್ನು ಟಾಸ್ಕ್ ಮ್ಯಾನೇಜರ್‌ನಲ್ಲಿ ಹುಡುಕಿ, ಬಲ ಕ್ಲಿಕ್ ಮಾಡಿ ಫೈಲ್ ಇರುವ ಜಾಗ ತೆರೆಯಿರಿ. ಅದು ಎಕ್ಸ್‌ಎಎಂಪಿಪಿ (ವೆಬ್ ಸರ್ವರ್, ಡೇಟಾಬೇಸ್ ಎಲ್ಲ ಒಟ್ಟಿಗೆ ಹಾಕುವ ಕಟ್ಟು) ಫೋಲ್ಡರ್ ಒಳಗಿದ್ದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೈಎಸ್‌ಕ್ಯೂಎಲ್ ಹುಡುಕುವುದು ದಂಡ. ಎಕ್ಸ್‌ಎಎಂಪಿಪಿಯಲ್ಲಿ ಮೈಎಸ್‌ಕ್ಯೂಎಲ್ ಅಂತ ಬಟನ್ ಇದ್ದರೂ ಈಗ ಒಳಗಿರುವುದು ಮರಿಯಾಡಿಬಿ.

ಇನ್‌ಸ್ಟಾಲರ್‌ನಿಂದ ಹಾಕಿದ್ದರೆ ಡೇಟಾ ಇರುವುದು ಸಿ ಡ್ರೈವ್‌ನ "ಪ್ರೋಗ್ರಾಂಡೇಟಾ" ಒಳಗೆ. ಪ್ರೋಗ್ರಾಂ ಫೈಲ್ಸ್ ಅಲ್ಲ. ಪ್ರೋಗ್ರಾಂಡೇಟಾ ಮುಚ್ಚಿಟ್ಟ ಫೋಲ್ಡರ್, ಎಕ್ಸ್‌ಪ್ಲೋರರ್‌ನಲ್ಲಿ ಹಿಡನ್ ಫೈಲ್ ತೋರಿಸುವ ಆಯ್ಕೆ ಹಾಕಿದರೆ ಮಾತ್ರ ಕಾಣುತ್ತದೆ. ಅನ್‌ಇನ್‌ಸ್ಟಾಲ್ ಆದ ಮೇಲೂ ಇದು ಉಳಿದು, ಹೊಸದಾಗಿ ಹಾಕುವಾಗ ಹಳೇ ಪಾಸ್‌ವರ್ಡ್ ಕೇಳುತ್ತದೆ.

"ಮೈಎಸ್‌ಕ್ಯೂಎಲ್80" ಅನ್ನುವ ಸರ್ವಿಸ್ ಪಟ್ಟಿಯಲ್ಲಿ ಉಳಿದುಹೋದರೆ ಅಡ್ಮಿನ್ ಆಗಿ "ಎಸ್‌ಸಿ ಡಿಲೀಟ್ ಮೈಎಸ್‌ಕ್ಯೂಎಲ್80" ಹಾಕಬೇಕು. ಇದನ್ನು ಕಮಾಂಡ್ ಪ್ರಾಂಪ್ಟ್‌ನಲ್ಲೇ ಮಾಡಿ. ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1ರಲ್ಲಿ ಎಸ್‌ಸಿ ಅಂದರೆ ಫೈಲಿಗೆ ಬರೆಯುವ ಬೇರೆ ಕಮಾಂಡ್. ದೋಷ ಏನೂ ತೋರಿಸುವುದಿಲ್ಲ. ನೀವಿದ್ದ ಫೋಲ್ಡರಿನಲ್ಲಿ "ಡಿಲೀಟ್" ಅನ್ನುವ ಹೆಸರಿನ ಫೈಲ್ ಹುಟ್ಟಿರುತ್ತದೆ, ಒಳಗೆ ಸರ್ವಿಸ್ ಹೆಸರು ಬರೆದಿರುತ್ತದೆ. ಸರ್ವಿಸ್ ಮಾತ್ರ ಅಲ್ಲೇ ಇರುತ್ತದೆ. ಪವರ್‌ಶೆಲ್ಲೇ ಬೇಕಿದ್ದರೆ "ಎಸ್‌ಸಿ.ಇಎಕ್ಸ್‌ಇ" ಅಂತ ಪೂರ್ತಿ ಬರೆಯಿರಿ. 1072 ನಂಬರಿನ ದೋಷ ಬಂದರೆ ಸರ್ವಿಸಸ್ ಕಿಟಕಿ ಎಲ್ಲೋ ತೆರೆದಿದೆಯೇ ನೋಡಿ, ಅದನ್ನು ಮುಚ್ಚಿ.

ಮ್ಯಾಕ್ ಮತ್ತು ಸ್ನ್ಯಾಪ್

ಮ್ಯಾಕ್‌ನ ಪ್ಯಾಕೇಜ್ ಸಾಧನ ಹೋಮ್‌ಬ್ರೂ ಆದರೆ ಮೊದಲು "ಬ್ರೂ ಸರ್ವಿಸಸ್ ಸ್ಟಾಪ್ ಮೈಎಸ್‌ಕ್ಯೂಎಲ್", ಆಮೇಲೆ ಅನ್‌ಇನ್‌ಸ್ಟಾಲ್. ಡೇಟಾ ಆ್ಯಪಲ್ ಚಿಪ್ ಇರುವ ಮ್ಯಾಕ್‌ನಲ್ಲಿ "/ಓಪಿಟಿ/ಹೋಮ್‌ಬ್ರೂ/ವಾರ್/ಮೈಎಸ್‌ಕ್ಯೂಎಲ್" ಒಳಗೆ, ಇಂಟೆಲ್ ಮ್ಯಾಕ್‌ನಲ್ಲಿ "/ಯುಎಸ್‌ಆರ್/ಲೋಕಲ್/ವಾರ್/ಮೈಎಸ್‌ಕ್ಯೂಎಲ್" ಒಳಗೆ ಉಳಿಯುತ್ತದೆ. ಡಿಎಂಜಿ ಫೈಲಿನಿಂದ ಹಾಕಿದ್ದರೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಮೈಎಸ್‌ಕ್ಯೂಎಲ್ ಫಲಕದಲ್ಲೇ ಅನ್‌ಇನ್‌ಸ್ಟಾಲ್ ಬಟನ್ ಇದೆ.

ಸ್ನ್ಯಾಪ್‌ನಲ್ಲಿ ಒಂದು ಒಳ್ಳೆಯ ಗುಣ ಇದೆ. "ಸ್ನ್ಯಾಪ್ ರಿಮೂವ್" ಮಾಡಿದರೆ ಡೇಟಾದ ಪ್ರತಿಯನ್ನು ತಾನಾಗಿ 31 ದಿನ ಇಟ್ಟುಕೊಳ್ಳುತ್ತದೆ. "ಸ್ನ್ಯಾಪ್ ಸೇವ್ಡ್" ಹಾಕಿದರೆ ಕಾಣುತ್ತದೆ. ತೆಗೆದ ಮೇಲೂ ಡಿಸ್ಕ್ ಜಾಗ ಬರಲಿಲ್ಲ ಅಂದರೆ ಕಾರಣ ಇದೇ ಇರಬಹುದು. "--ಪರ್ಜ್" ಸೇರಿಸಿದರೆ ಆ ಪ್ರತಿ ಉಳಿಯುವುದಿಲ್ಲ.

ಕೊನೆಗೆ ಉಳಿಯುವ ಚಿಲ್ಲರೆ

ಎಲ್ಲ ಸರಿಯಾಗಿ ತೆಗೆದ ಮೇಲೂ ಮೈಎಸ್‌ಕ್ಯೂಎಲ್ ಅಂತ ಟೈಪ್ ಮಾಡಿದರೆ, "ಕಮಾಂಡ್ ಇಲ್ಲ" ಅನ್ನುವ ಬದಲು "/ಯುಎಸ್‌ಆರ್/ಬಿನ್/ಮೈಎಸ್‌ಕ್ಯೂಎಲ್ ಫೈಲ್ ಇಲ್ಲ" ಅಂತ ಬರಬಹುದು. ಬ್ಯಾಶ್ ಹಳೇ ದಾರಿ ನೆನಪಿಟ್ಟುಕೊಂಡಿದೆ. "ಹ್ಯಾಶ್ -ಆರ್" ಹಾಕಿ, ಸರಿಹೋಗುತ್ತದೆ.

ಮರಿಯಾಡಿಬಿ 10.4 ಅಥವಾ ಅದಕ್ಕಿಂತ ಹಳೆಯದನ್ನು ಹಾಕುವವರು ಆ್ಯಪ್‌ಆರ್ಮರ್ (ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಅಂತ ನಿಯಮ ಹಾಕುವ ಲಿನಕ್ಸ್ ಕಾವಲು) ನೋಡಿ. ಅವುಗಳಲ್ಲಿ ಪ್ರೋಗ್ರಾಂನ ಹೆಸರೂ ಮೈಎಸ್‌ಕ್ಯೂಎಲ್‌ಡಿ ಅಂತಲೇ ಇದೆ. ಮೈಎಸ್‌ಕ್ಯೂಎಲ್ ಬಿಟ್ಟುಹೋದ ನಿಯಮ ಕರ್ನಲ್‌ನಲ್ಲಿ ಉಳಿದಿದ್ದರೆ ಹೊಸ ಸರ್ವರನ್ನು ಏಳಲು ಬಿಡುವುದಿಲ್ಲ. "ಎಎ-ರಿಮೂವ್-ಅನ್‌ನೋನ್" ಹಾಕಿ, ಅಥವಾ ಮಷೀನ್ ರೀಸ್ಟಾರ್ಟ್ ಮಾಡಿ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಕೂತ ಹಳೇ ಬ್ಯಾಕಪ್ ಸ್ಕ್ರಿಪ್ಟನ್ನೂ ತೆಗೆಯಿರಿ. ಇಲ್ಲದಿದ್ದರೆ ಅದು ದಿನಾ ರಾತ್ರಿ ಖಾಲಿ ಫೈಲ್ ಬರೆಯುತ್ತಾ, ಹಳೆಯ ಒಳ್ಳೆಯ ಬ್ಯಾಕಪ್‌ಗಳನ್ನು ಒಂದೊಂದಾಗಿ ಹೊರಗೆ ತಳ್ಳುತ್ತದೆ. ಇದು ಚಿಲ್ಲರೆ ಅಂತ ಕಂಡರೂ ನನಗೆ ಜಾಸ್ತಿ ಭಯ ಇದರದ್ದೇ.

ಆ ಶನಿವಾರ ನಾವು ಮಾಡಿದ್ದು ಇಷ್ಟು. ಕಂಟೇನರ್‌ನ ರೀಸ್ಟಾರ್ಟ್ ಪಾಲಿಸಿ ತೆಗೆದು ಅದನ್ನು ನಿಲ್ಲಿಸಿದೆವು. ಎಪಿಟಿಯಲ್ಲಿ ಅದೇ 8.0 ಮತ್ತೆ ಹಾಕಿದೆವು. ಅದು ಹಳೇ ಫೋಲ್ಡರ್ ಎತ್ತಿಕೊಂಡು ಎದ್ದಿತು. "ಶೋ ಡೇಟಾಬೇಸಸ್" ಹಾಕಿದ ಹುಡುಗ ಫೋನಿನಲ್ಲಿ ಹೆಸರುಗಳನ್ನು ಒಂದೊಂದಾಗಿ ಓದಿದ. ಕೊನೆಯ ಹೆಸರು ಓದುವಷ್ಟರಲ್ಲಿ ಅವನ ದನಿ ಸರಿಹೋಗಿತ್ತು. ಡಂಪ್ ತೆಗೆದೆವು, ಕೊನೆಯ ಸಾಲು ನೋಡಿದೆವು, ಫೋಲ್ಡರ್ ಸರಿಸಿದೆವು, ಪರ್ಜ್ ಮಾಡಿ ಮಷೀನ್ ರೀಸ್ಟಾರ್ಟ್ ಮಾಡಿದೆವು. "ಎಸ್‌ಎಸ್" ಪಟ್ಟಿಯಲ್ಲಿ 3306 ಇರಲಿಲ್ಲ. ಅದಾದ ಮೇಲೆಯೇ ಮರಿಯಾಡಿಬಿ ಹಾಕಿದ್ದು. ಸರಿಸಿಟ್ಟ ಹಳೇ ಫೋಲ್ಡರನ್ನು ಮುಂದಿನ ತಿಂಗಳ ಕೊನೆಯ ಲೆಕ್ಕ ಮುಗಿಯುವವರೆಗೂ ಮುಟ್ಟಲಿಲ್ಲ.